ಕೇಯಾಸ್‌ನ ನಾಲ್ಕನೆಯ ಮಂತ್ರ

ಜಪಾನಿನ ಸ್ಕ್ವೇರ್ ಕಂಪನಿ 1987ರ ಡಿಸೆಂಬರಿನಲ್ಲಿ ಹೊರತಂದ ‘ಫೈನಲ್ ಫ್ಯಾಂಟಸಿ’ ವಿಡಿಯೊ ಗೇಮಿನ ಕೊನೆಯ ವೈರಿ ಕೇಯಾಸ್. ಅವನ ಬತ್ತಳಿಕೆಯಲ್ಲಿ ಎಂಟು ಮಂತ್ರಗಳಿವೆ. ನಾಲ್ಕನೆಯದು ಕ್ಯೂರ್-4; ಅದನ್ನು ಪ್ರಯೋಗಿಸಿದನೆಂದರೆ ಆಟಗಾರ ಅಷ್ಟು ಹೊತ್ತು ಬಡಿದು ಇಳಿಸಿದ್ದ ಜೀವಬಲ ಮತ್ತೆ 2000ಕ್ಕೆ ಏರಿ ಕೂರುತ್ತದೆ. ಸೋಲುವ ಹೊತ್ತಿಗೆ ಸರಿಯಾಗಿ ಮದ್ದು ಮಾಡಿಕೊಂಡ, ಮಹಾ ಚಾಣಾಕ್ಷ ಎಂದು ಆಡುವವರಿಗೆ ಅನಿಸುತ್ತದೆ. ಅಂಥ ಚಾಣಾಕ್ಷತೆ ಅವನಲ್ಲಿಲ್ಲ. ಪ್ರತಿ ಸರದಿಗೂ ಗೇಮು ಒಳಗೊಳಗೇ ದಾಳ ಹಾಕುತ್ತದೆ. 128ರಲ್ಲಿ 64 ಪಾಲು ಮಂತ್ರದ ಕಡೆಗೆ. ಮಂತ್ರ ಬಿತ್ತೆಂದರೆ ಪಟ್ಟಿಯಲ್ಲಿ ಮುಂದಿನದು ಹೊರಡುತ್ತದೆ, ಎಂಟೂ ಮುಗಿದರೆ ಮತ್ತೆ ಮೊದಲಿನಿಂದ. ತನಗೆ ಗಾಯವಾಗಿದೆಯೇ, ಎದುರಿನವರು ಬೆಂಕಿಗೆ ಜಗ್ಗದ ಕವಚ ತೊಟ್ಟಿದ್ದಾರೆಯೇ ಎಂದು ಅವನು ನೋಡುವುದೇ ಇಲ್ಲ. ಸರದಿ ಬಂದರೆ ಮೈಮೇಲೆ ಗೀರೂ ಬೀಳದೆ ಕ್ಯೂರ್-4 ಹಾಕಿಕೊಂಡು ಅದನ್ನು ವ್ಯರ್ಥ ಮಾಡಬಲ್ಲ.

ಇದನ್ನು ಬುದ್ಧಿಗೇಡಿ ವಿನ್ಯಾಸವೆಂದು ತಳ್ಳಿಹಾಕುವುದು ಸುಲಭ, ಆದರೆ ನಿಯಮಕ್ಕೆ ಕಟ್ಟುಬಿದ್ದ ವೈರಿ ಅದರಿಂದಲೇ ಸಣ್ಣವನಾಗುವುದಿಲ್ಲ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಯ ಬಯಲಾಟ ನೋಡುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಲ್ಲಿ ಕರ್ಣ ಸರ್ಪಾಸ್ತ್ರವನ್ನು ಬಿಡುವುದು ಒಮ್ಮೆ ಮಾತ್ರ. ಅದು ಅರ್ಜುನನ ಕಿರೀಟಕ್ಕೆ ತಗುಲಿ ಮರಳಿದಾಗ, ಸರ್ಪವೇ ಬೇಡಿಕೊಂಡರೂ ಮತ್ತೆ ತೊಡುವುದಿಲ್ಲ. ಯುದ್ಧದ ಲೆಕ್ಕದಲ್ಲಿ ಇದು ಶುದ್ಧ ದಡ್ಡತನ. ಆದರೂ ಯಾರೂ ನಗುವುದಿಲ್ಲ, ಏಕೆಂದರೆ ತೊಟ್ಟ ಬಾಣವನ್ನು ಮತ್ತೆ ತೊಡೆನೆಂದು ತಾಯಿ ಕುಂತಿಗೆ ಅವನು ಕೊಟ್ಟ ಮಾತು ನೋಡುವವರಿಗೆಲ್ಲ ಗೊತ್ತು. ಸಾರಥಿ ಶಲ್ಯ ಗುರಿ ತಿದ್ದಿಕೊಳ್ಳೆಂದಾಗಲೂ ಕರ್ಣ ಕೇಳುವುದಿಲ್ಲವೆಂಬುದೂ ಗೊತ್ತು. ಕಟ್ಟಳೆ ಬಹಿರಂಗವಾಗಿದ್ದರಿಂದಲೇ ಅದು ಅವನ ಸ್ವಭಾವವಾಗುತ್ತದೆ. ಕೇಯಾಸ್‌ಗೂ ಕಟ್ಟಳೆಯಿದೆ, ಆದರೆ ಬಚ್ಚಿಟ್ಟದ್ದು. ಹಾಗಾಗಿ ನಾಲ್ಕನೆಯ ಮಂತ್ರ ಒಮ್ಮೆ ಜಾಣತನವೆಂದು, ಇನ್ನೊಮ್ಮೆ ಬರೀ ದುರದೃಷ್ಟವೆಂದು ಕಾಣುತ್ತದೆಯೇ ಹೊರತು ಅವನದೇ ಗುಣವೆಂದು ಕಾಣುವುದಿಲ್ಲ.

ಈ ಕಟ್ಟಳೆಯನ್ನು ಬಯಲು ಮಾಡಿ ಮುಂದಿನ ಮಂತ್ರ ಯಾವುದೆಂದು ಆಟಗಾರನಿಗೆ ಗೊತ್ತಾದರೆ ರೋಚಕತೆ ಹೋಗುತ್ತದಲ್ಲ ಎನ್ನಬಹುದು. ಹೋಗದು, ಯಾವುದು ಎಂಬುದು ಪಟ್ಟಿಯಲ್ಲಿದ್ದರೂ ಯಾವಾಗ ಎಂಬುದು ದಾಳದ ಕೈಯಲ್ಲೇ ಇದೆ. ಮೂರನೆಯ ಮಂತ್ರ ಮುಗಿದದ್ದನ್ನು ಎಣಿಸಿಕೊಂಡ ಆಟಗಾರನ ಮುಂದಿನ ಪ್ರತಿ ಏಟೂ ಗಡುವಿನೊಡನೆ ಸೆಣಸುತ್ತದೆ; ಈಗಿನ ಕುರುಡು ಬಡಿದಾಟಕ್ಕಿಂತ ಅದು ಎಷ್ಟೋ ಬಿಗಿಯಾದ ಕಾಳಗ. ಆಡಿ ಆಡಿ ಕಂಡುಕೊಳ್ಳಲಿ ಎಂಬ ಮಾತಿಗೂ ತೂಕವಿದೆ, ಮಂತ್ರದ ಹೆಸರು ತೆರೆಯ ಮೇಲೆ ಬಂದೇ ಬರುತ್ತದೆ. ಆದರೆ ಮೂಲ ಆವೃತ್ತಿಯಲ್ಲಿ ಕೇಯಾಸ್ ಇರುವ ಕೊನೆಯ ಗುಡಿಯೊಳಗೆ ಆಟ ಉಳಿಸಿಕೊಳ್ಳುವ ತಾವೇ ಇಲ್ಲ. ಒಂದು ಪಾಠ ತಪ್ಪಿದರೆ ಗುಡಿಯನ್ನೆಲ್ಲ ಮತ್ತೆ ಹಾಯ್ದು ಬರಬೇಕು. ಇಷ್ಟು ದುಬಾರಿ ಕಲಿಕೆಯನ್ನು ಯಾರು ಮೆಚ್ಚಿಯಾರು? 256 ಕಿಲೊಬೈಟಿನ ಕಾರ್ಟ್ರಿಜ್‌ನಲ್ಲಿ ಇದಕ್ಕಿಂತ ಜಾಣ ವೈರಿಯನ್ನು ಕೂರಿಸಲು ಜಾಗವೆಲ್ಲಿತ್ತು ಎಂಬ ಆಕ್ಷೇಪ ಇನ್ನೂ ಗಟ್ಟಿಯಾದದ್ದು. ಆದರೆ ಕೊರತೆ ಜಾಣತನದ್ದಲ್ಲ, ಸುಳಿವಿನದು. ಸುಳಿವಿಗೆ ಬೇಕಿದ್ದದ್ದು ಒಂದು ಸಾಲು. ಗೇಮಿನ ಕ್ರೆಸೆಂಟ್ ಲೇಕ್ ಊರಿನಲ್ಲಿ ಜ್ಞಾನಿಗಳ ಗುಂಪೇ ನಿಂತು ಲೋಕದ ಗತಿಯನ್ನೆಲ್ಲ ಹೇಳುತ್ತದೆ. ಆ ಸಾಲು ಮಾತ್ರ ಅವರಲ್ಲಿ ಒಬ್ಬರ ಬಾಯಿಂದಲೂ ಬರುವುದಿಲ್ಲ.