ಬೆಳಕು ಬೀರುವ ಪ್ರತಿಕಾಯ

ಸಾವಿರಾರು ಪ್ರೋಟೀನುಗಳು ಕಲೆತ ಕೋಶರಸದಲ್ಲಿ ಬೇಕಾದ ಒಂದನ್ನೇ ಹೆಕ್ಕಿ ತೋರಿಸುವ ಜಾಣ್ಮೆ ಕಿಣ್ವ ಜೋಡಿಸಿದ ಪ್ರತಿಕಾಯದ್ದು. ಹುಡುಕಬೇಕಾದ ಪ್ರೋಟೀನಿಗೆ ಫ್ಲ್ಯಾಗ್ ಎಂಬ, ಬರೀ 8 ಅಮೈನೋ ಆಮ್ಲಗಳ ಬಾಲವನ್ನು ವಂಶವಾಹಿಯ ಮಟ್ಟದಲ್ಲೇ ಸೇರಿಸಿರುತ್ತಾರೆ. ಪ್ರತಿಕಾಯ ಹಿಡಿಯುವುದು ಆ ಬಾಲವನ್ನೇ. ಪ್ರತಿಕಾಯಕ್ಕೆ ಜೋಡಿಸಿದ ಪೆರಾಕ್ಸಿಡೇಸ್ ಕಿಣ್ವದ ಮೂಲ, ಸಾಸಿವೆ ಕುಟುಂಬದ ಹಾರ್ಸ್‌ರ್‍ಯಾಡಿಶ್ ಗಿಡದ ಘಾಟು ಬೇರು.

ಜೆಲ್‌ನಲ್ಲಿ ಗಾತ್ರಕ್ಕೆ ತಕ್ಕಂತೆ ಬೇರ್ಪಟ್ಟ ಪ್ರೋಟೀನುಗಳು ವಿದ್ಯುತ್ತಿನ ಸೆಳೆತದಿಂದ ತೆಳು ಪೊರೆಗೆ ದಾಟುತ್ತವೆ. ಪೊರೆಯ ಖಾಲಿ ಜಾಗಕ್ಕೆ ಪ್ರತಿಕಾಯ ಅಂಟದಿರಲೆಂದು ಅದನ್ನು ಕೆನೆ ತೆಗೆದ ಹಾಲಿನ ಪುಡಿಯ ದ್ರಾವಣದಲ್ಲಿ ನೆನೆಸುವುದು ವಾಡಿಕೆ. ಆಮೇಲೆ ಪ್ರತಿಕಾಯ, ನಂತರ ಮತ್ತೆ ಮತ್ತೆ ತೊಳೆಯುವುದು. ತೊಳೆದದ್ದು ಸಾಲದಿದ್ದರೆ ಚಿತ್ರದ ಹಿನ್ನೆಲೆಯೆಲ್ಲ ಕಪ್ಪಿಡುತ್ತದೆ. ನುರಿತ ಕೈ ಪೊರೆಯನ್ನು ಚಿಮಟದಿಂದ ಅಂಚಿನಲ್ಲಷ್ಟೇ ಹಿಡಿಯುತ್ತದೆ, ಒಣಗಲು ಬಿಡುವುದಿಲ್ಲ. ದ್ರಾವಣ ಕೆಡದಂತೆ ಕಾಯುವ ಸೋಡಿಯಂ ಅಝೈಡ್‌ಗೆ ಇಲ್ಲಿ ಪ್ರವೇಶವಿಲ್ಲ. ಅದು ಈ ಕಿಣ್ವದ ಕೆಲಸವನ್ನೇ ತಡೆಯುತ್ತದೆ.

ಕೊನೆಗೆ ಲ್ಯುಮಿನಾಲ್ ಮತ್ತು ಹೈಡ್ರೋಜನ್ ಪೆರಾಕ್ಸೈಡ್ ಸುರಿದರೆ ಬೇಕಾದ ಪ್ರೋಟೀನು ಇರುವಲ್ಲಿ ಮಾತ್ರ ನಸುನೀಲಿ ಬೆಳಕು ಹೊಮ್ಮುತ್ತದೆ. ಒಂದೊಂದು ಕಿಣ್ವವೂ ದಣಿಯುವವರೆಗೆ ಲ್ಯುಮಿನಾಲ್ ಅಣುಗಳನ್ನು ಒಂದರ ಹಿಂದೊಂದು ಉತ್ಕರ್ಷಿಸುವುದರಿಂದ ಅತ್ಯಲ್ಪ ಪ್ರೋಟೀನೂ ಚೊಕ್ಕ ಪಟ್ಟಿಯಾಗಿ ಕ್ಯಾಮೆರಾದಲ್ಲಿ ಮೂಡುತ್ತದೆ. ಕಿಣ್ವ ನೇರವಾಗಿ ಜೋಡಣೆಯಾಗಿರುವುದರಿಂದ ಎರಡನೆಯ ಪ್ರತಿಕಾಯದ ಹಂಗಿಲ್ಲ. ಸಮಯವೂ ಉಳಿಯುತ್ತದೆ, ಅಡ್ಡಪಟ್ಟಿಗಳ ಕಾಟವೂ ತಗ್ಗುತ್ತದೆ.