ನಾಲ್ಕು ಸಾಲಿನಲ್ಲಿ ಕೇಳಿದ ಲೆಕ್ಕ

ಚುಟುಕ ಎಂದೊಡನೆ ನಮ್ಮ ವಿಮರ್ಶಕರ ಮುಖದಲ್ಲಿ ಒಂದು ಬಗೆಯ ಉದಾರವಾದ ಮುಗುಳುನಗೆ ಮೂಡುತ್ತದೆ. ಎಲೆಯ ತುದಿಯಲ್ಲಿ ಬಡಿಸುವ ಉಪ್ಪಿನಕಾಯಿಗೆ ಎಷ್ಟು ಮರ್ಯಾದೆಯೋ ಅಷ್ಟೇ ಅದಕ್ಕೂ. ಇದ್ದರೆ ರುಚಿ, ಇಲ್ಲದಿದ್ದರೆ ಊಟಕ್ಕೆ ಭಂಗವಿಲ್ಲ. ಅಂಕೋಲೆಯ ದಿನಕರ ದೇಸಾಯಿಯವರಿಗೆ 'ಚುಟುಕ ಬ್ರಹ್ಮ' ಎಂಬ ಬಿರುದನ್ನು ಕೊಟ್ಟು ನಾವು ಅವರನ್ನು ಈ ಉಪ್ಪಿನಕಾಯಿಯ ಪಂಕ್ತಿಯಲ್ಲಿಯೇ ಕೂರಿಸಿಬಿಟ್ಟೆವೇನೋ ಎಂಬ ಅನುಮಾನ ನನಗೆ ಬಹಳ ಕಾಲದಿಂದ ಇದೆ. ಬಿರುದು ಪ್ರೀತಿಯದೇ, ಸಂದೇಹವಿಲ್ಲ. ಆದರೆ ಬಿರುದು ಕೊಟ್ಟ ಮೇಲೆ ಕಾವ್ಯವನ್ನು ಓದುವ ಕಷ್ಟ ತಪ್ಪುತ್ತದೆ.

'ದಿನಕರನ ಚೌಪದಿ'ಯನ್ನು ವಿನೋದದ ಸಂಗ್ರಹವೆಂದು ಓದುವುದಕ್ಕಿಂತ ಒಂದು ಲೆಕ್ಕದ ಪುಸ್ತಕವೆಂದು ಓದುವುದು ಯುಕ್ತ ಎಂಬುದು ನನ್ನ ವಾದ. ಮತ ಕೊಟ್ಟವನು ಮತ ಪಡೆದವನಿಂದ ಲೆಕ್ಕ ಕೇಳುವ ಪುಸ್ತಕ ಅದು.

ಮೊದಲು ಕವಿಯ ವೃತ್ತಿಯನ್ನು ನೋಡಬೇಕು. 1909ರಲ್ಲಿ ಹುಟ್ಟಿದ ದಿನಕರರು ಮುಂಬಯಿಯಲ್ಲಿ ಗೋಖಲೆಯವರ ಭಾರತ ಸೇವಕ ಸಮಾಜವನ್ನು ಸೇರಿದರು. ಹಡಗಿನ ಕೂಲಿಕಾರರ ನಡುವೆ ಕೆಲಸ ಮಾಡಿದರು. ಉತ್ತರ ಕನ್ನಡದ ಗೇಣಿ ರೈತರನ್ನು ಸಂಘಟಿಸಿದ್ದಕ್ಕಾಗಿ 1940ರಲ್ಲಿ ಸರ್ಕಾರ ಅವರನ್ನು ಜಿಲ್ಲೆಯಿಂದ ಗಡೀಪಾರು ಮಾಡಿತು. 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟನ್ನು ಕಟ್ಟಿ ಊರೂರಿಗೆ ಶಾಲೆಗಳನ್ನು ತಂದರು. 'ಜನಸೇವಕ' ಎಂಬ ವಾರಪತ್ರಿಕೆಯನ್ನು ನಡೆಸಿದರು. ಇಂಥವನಿಗೆ ಕಾವ್ಯ ಬರೆಯಲು ದೊರೆಯುವ ಬಿಡುವೇ ನಾಲ್ಕು ಸಾಲಿನಷ್ಟು. ವಾರಪತ್ರಿಕೆಯ ಮೂಲೆಯಲ್ಲಿ ಉಳಿಯುವ ಜಾಗವೂ ಅಷ್ಟೇ. ಚೌಪದಿಯ ರೂಪವನ್ನು ಛಂದಶ್ಶಾಸ್ತ್ರದಿಂದ ವಿವರಿಸುವವರು ಈ ಎರಡು ಇಕ್ಕಟ್ಟುಗಳನ್ನು ಮರೆಯಬಾರದು. ಅಕ್ಷರ ಬಾರದ ಒಕ್ಕಲಿಗನೂ ಒಮ್ಮೆ ಕೇಳಿ ಬಾಯಿಪಾಠ ಮಾಡಿ ಮನೆಗೆ ಒಯ್ಯಬೇಕು. ಪ್ರಾಸ ಇರುವುದು ಅದಕ್ಕಾಗಿ.

ನಾಲ್ಕು ಸಾಲಿನ ಇನ್ನೊಬ್ಬ ದೊಡ್ಡ ಕವಿ ನಮ್ಮಲ್ಲಿ ಇದ್ದಾರೆ. ಡಿ.ವಿ.ಜಿ.ಯವರ 'ಮಂಕುತಿಮ್ಮನ ಕಗ್ಗ' 1943ರಲ್ಲಿ ಬಂದಿತು. ಇಬ್ಬರನ್ನೂ ಒಟ್ಟಿಗೆ ಇಟ್ಟು ನೋಡಿದವರು ಕಡಿಮೆ. ಕಗ್ಗ ಒಳಮುಖ, ವಿಧಿಯೊಡನೆ, ಬ್ರಹ್ಮದೊಡನೆ, ತನ್ನ ಮನಸ್ಸಿನೊಡನೆ ಅದರ ಮಾತುಕತೆ. ಚೌಪದಿ ಹೊರಮುಖ, ಮಾಮಲೇದಾರ ಕಚೇರಿಯ ಕಡೆಗೆ, ಮಂತ್ರಿಯ ಮೋಟಾರಿನ ಕಡೆಗೆ ಅದರ ದೃಷ್ಟಿ. ಆದರೂ ಇಬ್ಬರ ಗುರುವೂ ಒಬ್ಬನೇ. ಡಿ.ವಿ.ಜಿ. 1945ರಲ್ಲಿ ಬೆಂಗಳೂರಿನಲ್ಲಿ ಗೋಖಲೆಯವರ ಹೆಸರಿನಲ್ಲಿ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಸ್ಥಾಪಿಸಿದರು. ಅಂಕೋಲೆಯಲ್ಲಿ 1966ರಲ್ಲಿ ಎದ್ದ ಕಾಲೇಜಿಗೂ ಗೋಖಲೆಯವರದೇ ಹೆಸರು. ಈ ಗೋಖಲೆ ಯಾರು? ವೈಸರಾಯರ ಶಾಸನ ಸಭೆಯಲ್ಲಿ ಎದ್ದು ನಿಂತು, ಸರ್ಕಾರದ ಆಯವ್ಯಯದ ಅಂಕಿಗಳನ್ನೇ ಸರ್ಕಾರದ ಮುಂದೆ ಹರಡಿ ಉತ್ತರ ಕೇಳಿದವರು. 1902ರಲ್ಲಿ ಅವರ ಮೊದಲ ಆಯವ್ಯಯ ಭಾಷಣ. ಉಪ್ಪಿನ ಕರವನ್ನು ಇಳಿಸಿರೆಂಬ ಬೇಡಿಕೆ ಅದರಲ್ಲಿತ್ತು. ಮರುವರ್ಷ ಕರ ಸ್ವಲ್ಪ ಇಳಿಯಿತು. 1930ರ ಏಪ್ರಿಲಿನಲ್ಲಿ ಅದೇ ಉಪ್ಪಿಗಾಗಿ ಅಂಕೋಲೆಯ ಜನ ಕಡಲಿಗೆ ಇಳಿದರು; ಮುಂದೆ ಕರನಿರಾಕರಣೆ ಮಾಡಿ ಮನೆ-ಗದ್ದೆ ಕಳೆದುಕೊಂಡರು. ದಿನಕರರ ಚೌಪದಿಯಲ್ಲಿ ಈ ಎರಡು ಪರಂಪರೆಗಳೂ ಇವೆ: ಅಂಕಿಯನ್ನು ಇಟ್ಟು ಕೇಳುವ ಗೋಖಲೆಯ ಸೌಜನ್ಯ, ಕೊಡುವುದಿಲ್ಲ ಹೋಗು ಎನ್ನುವ ಅಂಕೋಲೆಯ ಹಟ.

ಮೂರನೆಯದೂ ಒಂದು ಇದೆ, ಅದನ್ನು ಪಂಡಿತರು ಲೆಕ್ಕಕ್ಕೆ ಹಿಡಿಯುವುದಿಲ್ಲ. ಸುಗ್ಗಿಯ ದಿನಗಳಲ್ಲಿ ಅಂಕೋಲೆಯ ಸುತ್ತ ಹಗರಣ ನಡೆಯುತ್ತದೆ. ಹಾಲಕ್ಕಿಗಳೂ ಇತರರೂ ವೇಷ ಕಟ್ಟಿ, ಆ ವರ್ಷದ ಸುದ್ದಿಗಳನ್ನೂ ಸಾಹೇಬರನ್ನೂ ಪುಢಾರಿಗಳನ್ನೂ ಬೀದಿಯಲ್ಲಿ ಅಣಕಿಸುತ್ತಾರೆ. ಆ ದಿನ ಯಾರೂ ಸಿಟ್ಟಾಗುವಂತಿಲ್ಲ. ಚೌಪದಿಯ ಕೊನೆಯ ಸಾಲಿನಲ್ಲಿ ಬರುವ ತಿರುವು ನನಗೆ ಯಾವಾಗಲೂ ಈ ಹಗರಣದ ವೇಷಧಾರಿ ಥಟ್ಟನೆ ತಿರುಗಿ ಮುಖ ತೋರಿಸುವಂತೆ ಕಾಣುತ್ತದೆ.

ಹೊಗಳಿಕೆ ಇಷ್ಟು ಸಾಕು. ದಿನಕರರ ಚೌಪದಿಯ ದೌರ್ಬಲ್ಯವೂ ಇಲ್ಲಿಯೇ ಇದೆ. ಹೆಚ್ಚಿನ ರಾಜಕೀಯ ಚೌಪದಿಗಳಲ್ಲಿ ಬರುವವನು 'ಮಂತ್ರಿ', 'ಪುಢಾರಿ', 'ಅಧಿಕಾರಿ'; ಇಂಥ ಊರಿನ ಇಂಥವನಲ್ಲ. ಜಾತಿಯನ್ನು ಬಯ್ದರೆ ವ್ಯಕ್ತಿ ಪಾರಾಗುತ್ತಾನೆ. ಓದಿದ ಪ್ರತಿಯೊಬ್ಬ ಮಂತ್ರಿಯೂ ಇದು ಪಕ್ಕದ ಮಂತ್ರಿಯ ಮೇಲೆ ಬರೆದದ್ದೆಂದು ನಕ್ಕುಬಿಡಬಹುದು. ದಿನಕರರ ಕೈಯಲ್ಲಿ ಈ ಅಪಾಯ ಅಷ್ಟಾಗಿ ಕಾಡಲಿಲ್ಲ. ಏಕೆಂದರೆ ಆ ವಾರದ 'ಜನಸೇವಕ'ವನ್ನು ಓದಿದವನಿಗೆ ಪಕ್ಕದ ಅಂಕಣದ ಸುದ್ದಿಯೇ ಹೆಸರನ್ನು ಹೇಳುತ್ತಿತ್ತು. ಅವರ ಅನುಯಾಯಿಗಳಿಗೆ ಆ ಪಕ್ಕದ ಅಂಕಣವಿಲ್ಲ. ಇಂದಿನ ಚುಟುಕ ಗೋಷ್ಠಿಗಳಲ್ಲಿ ಭ್ರಷ್ಟಾಚಾರದ ಮೇಲೆ ಚುಟುಕ ಓದುತ್ತಾರೆ, ಮುಖ್ಯ ಅತಿಥಿಗಳಾಗಿ ಬಂದ ಶಾಸಕರೇ ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟುತ್ತಾರೆ, ಶಾಲು ಹೊದಿಸಿ ಹೋಗುತ್ತಾರೆ. ವಿಡಂಬನೆಗೆ ಇದಕ್ಕಿಂತ ದೊಡ್ಡ ವಿಡಂಬನೆ ಬೇರೆ ಬೇಕೆ?

ಹೋಲಿಕೆಗೆ ಅಮೆರಿಕದ ಒಂದು ಉದಾಹರಣೆ ಕೊಡುತ್ತೇನೆ. 1893ರಿಂದ ಶಿಕಾಗೋದ ಪತ್ರಿಕೆಯಲ್ಲಿ ಫಿನ್ಲಿ ಪೀಟರ್ ಡನ್ ಎಂಬ ಅಂಕಣಕಾರ 'ಮಿಸ್ಟರ್ ಡೂಲಿ' ಎಂಬ ಐರಿಷ್ ಹೆಂಡದಂಗಡಿಯವನನ್ನು ಸೃಷ್ಟಿಸಿದ. ಡೂಲಿ ತನ್ನ ಗಿರಾಕಿ ಹೆನೆಸ್ಸಿಯೊಡನೆ ಹರಕುಮುರುಕು ಭಾಷೆಯಲ್ಲಿ ದೇಶದ ರಾಜಕೀಯವನ್ನು ಹರಟುತ್ತಾನೆ. ಓದುಗರು ಅಮೆರಿಕದ ಉದ್ದಗಲಕ್ಕೂ ಇದ್ದರು. ಕ್ಯೂಬಾದ ಯುದ್ಧದ ಮೇಲೆ ಥಿಯೋಡರ್ ರೂಸ್‌ವೆಲ್ಟ್ ಪುಸ್ತಕ ಬರೆದಾಗ, ಕ್ಯೂಬಾದಲ್ಲಿ ಹೋರಾಡಿದ್ದು ಇವನೊಬ್ಬನೇ ಇರಬೇಕೆಂದು ಡೂಲಿ ಹಾಸ್ಯ ಮಾಡಿದ. ಆಗ ನ್ಯೂಯಾರ್ಕಿನ ಗವರ್ನರನಾಗಿದ್ದ ರೂಸ್‌ವೆಲ್ಟ್ ಅದನ್ನು ಮೆಚ್ಚಿ ಡನ್ನನಿಗೆ ಕಾಗದವನ್ನೇ ಬರೆದ. ನಮ್ಮ ಶಾಸಕರ ಚಪ್ಪಾಳೆಯೂ ಈ ಕಾಗದವೂ ಒಂದೇ ವಂಶದವು ಎನ್ನಬಹುದು. ಆದರೆ ಡೂಲಿ ತನ್ನ ವಾರ್ಡಿನ ಲಂಚಕೋರ ನಗರಸಭಾ ಸದಸ್ಯರಿಂದ ಆರಂಭಿಸಿ ಅಧ್ಯಕ್ಷನ ವರೆಗೆ ಏರಿದವನು. ನಮ್ಮ ಹರಟೆಯ ದಾರಿ ತಿರುಗುಮುರುಗು. 2024ರ ಅಮೆರಿಕದ ಚುನಾವಣೆಯ ಕಾಲಕ್ಕೆ ಕಾರವಾರದ ಚಹಾದಂಗಡಿಯಲ್ಲಿ ಟ್ರಂಪ್ ಗೆಲ್ಲಬೇಕೋ ಸೋಲಬೇಕೋ ಎಂದು ಮೇಜು ಗುದ್ದಿ ವಾದಿಸಿದವರನ್ನು ನಾನು ಕಂಡಿದ್ದೇನೆ. ತಮ್ಮ ವಾರ್ಡಿನ ಚರಂಡಿಯ ವಿಷಯ ಬಂದಾಗ ಅವರೇ ಅತ್ತಿತ್ತ ನೋಡಿ ದನಿ ತಗ್ಗಿಸಿದರು. ವಾಷಿಂಗ್ಟನ್ನಿನವರು ಕೇಳಿಸಿಕೊಳ್ಳುವುದಿಲ್ಲ, ವಾರ್ಡಿನವನ ಬಾವ ಅದೇ ಬೆಂಚಿನ ಮೇಲೆ ಕುಳಿತಿರುತ್ತಾನೆ.

ದಿನಕರರು ಆ ಬೆಂಚಿನ ಮೇಲೆಯೇ ಕುಳಿತು ಬರೆದರು ಎಂಬುದು ಅವರ ಹಿರಿಮೆ. 1967ರಲ್ಲಿ ಅವರಿಗೆ ಇನ್ನೂ ಕಠಿಣವಾದ ಪರೀಕ್ಷೆ ಬಂದಿತು. 1952ರಿಂದ ಮೂರು ಲೋಕಸಭೆಗಳಲ್ಲಿ ಕಾಂಗ್ರೆಸ್ಸಿನ ಜೋಕಿಂ ಆಳ್ವರು ಪ್ರತಿನಿಧಿಸಿದ್ದ ಕ್ಷೇತ್ರದಿಂದ ದಿನಕರರು ಪಕ್ಷೇತರರಾಗಿ ಗೆದ್ದು ದಿಲ್ಲಿಗೆ ಹೋದರು. ಲೆಕ್ಕ ಕೇಳುತ್ತಿದ್ದವನು ಲೆಕ್ಕ ಕೊಡಬೇಕಾದ ಸ್ಥಾನಕ್ಕೆ ಬಂದ. ಅವರ ಚೌಪದಿಗಳನ್ನು 1967ಕ್ಕೆ ಮೊದಲಿನವು, ಆಮೇಲಿನವು ಎಂದು ವಿಂಗಡಿಸಿ ಓದಿದರೆ ವಿಮರ್ಶೆಗೆ ಎಂಥ ಸಾಮಗ್ರಿ ದೊರೆಯುತ್ತದೆ! 'ದಿನಕರ' ಎಂಬ ಅಂಕಿತ ಅಂದಿನಿಂದ ಕವಿಯ ಹೆಸರು ಮಾತ್ರವಲ್ಲ, ಸದಸ್ಯನ ಹೆಸರು ಕೂಡ.

ಇದೇ ಕ್ಷೇತ್ರದಲ್ಲಿ 1989ರಲ್ಲಿ ಶಿವರಾಮ ಕಾರಂತರು ಕೈಗಾ ಅಣುಸ್ಥಾವರದ ಪ್ರಶ್ನೆಯನ್ನು ಮುಂದಿಟ್ಟುಕೊಂಡು ಲೋಕಸಭೆಗೆ ನಿಂತು ಸೋತರು. ಸೋತರೂ ಪ್ರಶ್ನೆ ಸುಳ್ಳಾಗಲಿಲ್ಲ. 1994ರ ಮೇ ತಿಂಗಳಲ್ಲಿ ಕಟ್ಟುತ್ತಿದ್ದ ಸ್ಥಾವರದ ಗುಮ್ಮಟದ ಕಾಂಕ್ರೀಟು ಒಳಗಿನಿಂದ ಕಳಚಿ ಬಿದ್ದಿತು. ಇಬ್ಬರು ಸಾಹಿತಿಗಳು ಮತಪೆಟ್ಟಿಗೆಯ ಮುಂದೆ ನಿಂತ ಕ್ಷೇತ್ರ ಕನ್ನಡನಾಡಿನಲ್ಲಿ ಬೇರೆ ಯಾವುದಿದ್ದೀತು?

1982ರಲ್ಲಿ ದಿನಕರರು ತೀರಿಕೊಂಡ ಮೇಲೆ ಲೆಕ್ಕ ಕೇಳಬೇಕಾದ ಸಂದರ್ಭಗಳಿಗೆ ಕೊರತೆ ಬಂದಿಲ್ಲ. 2010ರಲ್ಲಿ ಅಂಕೋಲೆ ತಾಲೂಕಿನ ಬೇಲೆಕೇರಿ ಬಂದರಿನಲ್ಲಿ ಸರ್ಕಾರ ಮುಟ್ಟುಗೋಲು ಹಾಕಿಕೊಂಡಿದ್ದ ಲಕ್ಷಗಟ್ಟಲೆ ಟನ್ ಅದಿರು, ಕಾವಲಿದ್ದಂತೆಯೇ ಹಡಗು ಹತ್ತಿ ಹೋಯಿತು. 2024ರ ಜುಲೈ 16ರಂದು ಶಿರೂರಿನಲ್ಲಿ ಹೆದ್ದಾರಿಯ ಬದಿಯ ಗುಡ್ಡ ಕುಸಿದು, ಬುಡದಲ್ಲಿದ್ದ ಚಹಾದಂಗಡಿಯನ್ನೂ ಅಲ್ಲಿದ್ದವರನ್ನೂ ಗಂಗಾವಳಿ ನದಿಗೆ ತಳ್ಳಿತು. ಮೂರು ವಾರ ಕಳೆದೊಡನೆ ಕಾರವಾರದ ಹಳೆಯ ಕಾಳಿ ಸೇತುವೆ ನಡುರಾತ್ರಿ ಮುರಿದು ಬಿದ್ದಿತು. ಗುಡ್ಡವನ್ನು ಹೇಗೆ ಕಡಿದರು, ಸೇತುವೆಯನ್ನು ಯಾರು ಪರೀಕ್ಷಿಸಿದರು ಎಂದು ಕೇಳುವ ಚುಟುಕ ನನ್ನ ಕಣ್ಣಿಗೆ ಬಿದ್ದಿಲ್ಲ. ಹೆಂಡತಿಯ ಸೀರೆ, ಗಂಡನ ಜೇಬುಗಳ ಮೇಲಿನ ಚುಟುಕಗಳು ಮಾತ್ರ ವಾರವಾರವೂ ಬೀಳುತ್ತಿವೆ.

ಆದುದರಿಂದ ಪ್ರಕಾಶಕರಲ್ಲಿ ನನ್ನದೊಂದು ಬೇಡಿಕೆ. ದಿನಕರರ ರಾಜಕೀಯ ಚೌಪದಿಗಳನ್ನಾದರೂ ಬೇರೆಯಾಗಿ ತೆಗೆದು, ಪ್ರತಿಯೊಂದರ ಕೆಳಗೆ ಅದು ಮೊದಲು ಅಚ್ಚಾದ ಸಂಚಿಕೆಯ ತಾರೀಖನ್ನೂ ಆ ವಾರದ ಸುದ್ದಿಯನ್ನೂ ಕೊಟ್ಟು ಒಂದು ಆವೃತ್ತಿ ತರಬೇಕು. ಅಂಕೋಲೆ, ಕಾರವಾರಗಳಲ್ಲಿ ಹಳೆಯ 'ಜನಸೇವಕ'ದ ಪ್ರತಿಗಳನ್ನು ಅಟ್ಟದ ಮೇಲೆ ಇಟ್ಟುಕೊಂಡವರು ಇನ್ನೂ ಇರಬಹುದು. ಗೆದ್ದಲು ಹಿಡಿಯುವ ಮೊದಲು ಅವನ್ನು ಕೆಳಗಿಳಿಸಬೇಕು.