ಜಗಲಿ, ಹಿತ್ತಲು ಮತ್ತು ಗೇಟಿನ ಇಂಟರ್‌ಕಾಂ

ಮಲೆನಾಡಿನ ಸಾಹಿತ್ಯ ಕುರಿತ ಸೆಮಿನಾರುಗಳಲ್ಲಿ ಜಗಲಿಗೆ ಒಂದು ಖಾಯಂ ಕುರ್ಚಿ ಮೀಸಲು. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯ ಮನೆಗಳ ಬಗ್ಗೆ ಯಾರೇ ಪ್ರಬಂಧ ಮಂಡಿಸಲಿ, ಹತ್ತನೇ ನಿಮಿಷಕ್ಕೆ ಜಗಲಿ ಬಂದೇ ಬರುತ್ತದೆ. ಅಲ್ಲಿ ಯಾರು ಬೇಕಾದರೂ ಬಂದು ಕೂರಬಹುದಿತ್ತು. ಕಾಲಿಗೆ ನೀರು, ಬಾಯಿಗೆ ಬೆಲ್ಲ-ನೀರು, ಆಮೇಲೆ ಕವಳದ ತಟ್ಟೆ. ಈಗಲಾದರೋ ಎಲ್ಲರೂ ಬೆಂಗಳೂರಿನ ಫ್ಲಾಟು ಸೇರಿ, ಗೇಟಿಗೊಂದು ವಿಡಿಯೊ ಇಂಟರ್‌ಕಾಂ ಹಾಕಿಸಿ, ನೆಂಟರನ್ನೂ ಪರದೆಯ ಮೇಲೆ ಪರೀಕ್ಷಿಸಿ ಒಳಗೆ ಬಿಡುತ್ತಾರೆ. ಮಲೆನಾಡಿನ ಕಾದಂಬರಿಗಳಲ್ಲಿ ಬರುವ ಮನೆಗಳೇ ನನ್ನ ಪಿಎಚ್.ಡಿ. ವಿಷಯವಾದ್ದರಿಂದ ಈ ಮಾತಿನಿಂದ ನನಗೆ ಬಿಡುಗಡೆ ಇಲ್ಲ. ನನ್ನ ತಕರಾರು ಇಷ್ಟೇ: ಜಗಲಿಯ ಈ ಕಥೆಗೆ ಸಾಕ್ಷಿ ಹೇಳಲು ನಾವು ಯಾವ ಕಾದಂಬರಿಗಳನ್ನು ಕರೆಯುತ್ತೇವೋ ಅವೇ ಅದನ್ನು ಒಪ್ಪುವುದಿಲ್ಲ.

ಮೊದಲು ಇಂಟರ್‌ಕಾಂ ಮಾಡುವ ಕೆಲಸವನ್ನು ಸರಿಯಾಗಿ ನೋಡೋಣ. ಗೇಟಿನ ಹತ್ತಿರ ಕ್ಯಾಮೆರಾ ಇರುವ ಒಂದು ಪ್ಯಾನೆಲ್. ಬಂದವರು ಫ್ಲಾಟಿನ ನಂಬರ್ ಒತ್ತುತ್ತಾರೆ, ಒಳಗಿನ ಮಾನಿಟರಿನಲ್ಲಿ ಅವರ ಮುಖ ಕಾಣುತ್ತದೆ, ಗುಂಡಿ ಒತ್ತಿದರೆ ಬೀಗ ಬಿಚ್ಚಿಕೊಳ್ಳುತ್ತದೆ. ನಮಗೆ ಗೊತ್ತಿರುವುದು ಇಷ್ಟು. ಆದರೆ ಅದನ್ನು ಅಳವಡಿಸುವಾಗ ತೀರ್ಮಾನಿಸಬೇಕಾದ ಪ್ರಶ್ನೆಗಳು ಬೇರೆಯೇ ಇವೆ. ಕರೆ ಮೊದಲು ಎಲ್ಲಿ ಮೊಳಗಬೇಕು, ಗೋಡೆಯ ಮೇಲಿನ ಮಾನಿಟರಿನಲ್ಲೋ ಯಾರದೋ ಮೊಬೈಲಿನಲ್ಲೋ? ಮನೆಯಲ್ಲಿ ನಾಲ್ಕು ಜನರಿದ್ದರೆ ನಾಲ್ವರಿಗೂ ಒಟ್ಟಿಗೋ, ಒಬ್ಬರಾದ ಮೇಲೆ ಒಬ್ಬರಿಗೋ? ಎಷ್ಟು ಸೆಕೆಂಡು ಕಾಯಬೇಕು? ಯಾರೂ ಎತ್ತದಿದ್ದರೆ ಮುಂದೆ ಎಲ್ಲಿಗೆ? ಸಾಮಾನ್ಯವಾಗಿ ಕೊನೆಯ ಮೆಟ್ಟಿಲು ಸೆಕ್ಯೂರಿಟಿಯವರ ಕ್ಯಾಬಿನ್ನು. ಹಾಗೊಂದು ಕೊನೆಯ ಜಾಗ ಇರದಿದ್ದರೆ ಕರೆ ಸುಮ್ಮನೆ ಸತ್ತುಹೋಗುತ್ತದೆ, ಇಲ್ಲವೇ ಒಂದು ನಂಬರಿನಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೆ ಮೊದಲಿನದಕ್ಕೆ ಸುತ್ತುತ್ತಿರುತ್ತದೆ. 2016ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿದ ಮೈಗೇಟ್‌ನಂಥ ಆ್ಯಪ್‌ಗಳು ಬಂದ ಮೇಲೆ ಇದಕ್ಕೆ ಇನ್ನೊಂದು ಪ್ರಶ್ನೆ ಸೇರಿತು: ಬಂದವರು ಯಾವ ಬಗೆ? ಅತಿಥಿಯೋ, ಡೆಲಿವರಿಯೋ, ಕ್ಯಾಬೋ, ಮನೆಗೆಲಸದವರೋ? ಅಂದರೆ ಬಾಗಿಲಲ್ಲಿ ನಿಂತವರು ಯಾರೆಂದು ನೋಡುವ ಮೊದಲೇ ಅವರ ಕರೆ ಹಿಡಿಯಬೇಕಾದ ದಾರಿ ಸಿದ್ಧವಾಗಿರುತ್ತದೆ. ಆ ದಾರಿ ಹಾಕಿದವರು ಆ ಹೊತ್ತಿಗೆ ಅಲ್ಲಿರುವುದಿಲ್ಲ.

ಮಲೆನಾಡಿನ ಮನೆ ಇದನ್ನೇ ಮಣ್ಣು-ಮರದಲ್ಲಿ ಮಾಡಿತ್ತು. ಅಂಗಳದಾಚೆ ದಣಪೆ, ಅದರ ಗಳ ಸರಿಸುವ ಸದ್ದು, ಆ ಸದ್ದಿಗೆ ಬೊಗಳುವ ನಾಯಿ. ಒಬ್ಬರಿಗೆ ಅಂಗಳವೇ ಕೊನೆ. ಒಬ್ಬರಿಗೆ ಜಗಲಿಯ ಕೆಳಗಿನ ಮೆಟ್ಟಿಲು, ಒಬ್ಬರಿಗೆ ಜಗಲಿಯ ಮೇಲೆ ಕಂಬಳಿ, ಇನ್ನೊಬ್ಬರಿಗೆ ನೇರ ನಡುಮನೆ. ಯಾರಿಗೆ ಎಲ್ಲಿಯ ತನಕ ಎಂಬುದು ಬಂದವರಿಗೂ ಗೊತ್ತು, ಇದ್ದವರಿಗೂ ಗೊತ್ತು. ಕೇಳುವ ಅಗತ್ಯವೇ ಬೀಳುತ್ತಿರಲಿಲ್ಲ. ಕೇಳದೆ ನಡೆಯುತ್ತಿದ್ದುದನ್ನೇ ನಾವು ‘ಮುಕ್ತ’ ಎಂದು ಓದಿಕೊಂಡಿದ್ದೇವೆ. 1951ರಲ್ಲಿ ಸಾಗರದ ಕಾಗೋಡಿನಲ್ಲಿ ಗೇಣಿದಾರರು ಎದ್ದು ನಿಂತಾಗ ಜಗಳ ಶುರುವಾದದ್ದು ಭತ್ತ ಅಳೆಯುವ ಕೊಳಗದ ಅಳತೆಯಿಂದ. ಆದರೆ ಅಳೆದುಕೊಡಲು ಬಂದವನು ಒಡೆಯರ ಮನೆಯೆದುರು ಹೇಗೆ ನಿಲ್ಲಬೇಕು ಎಂಬುದೂ ಆ ಸಿಟ್ಟಿನೊಳಗೆ ಇತ್ತು. ಜಗಲಿಯ ಸ್ಮರಣೆ ಬರೆಯುವವರು ಸಾಮಾನ್ಯವಾಗಿ ಅದರ ಮೇಲೆ ಕೂತು ಬೆಳೆದವರು.

ಈಗ ‘ಸಂಸ್ಕಾರ’ಕ್ಕೆ ಬರುತ್ತೇನೆ. 1965ರ ಈ ಕಾದಂಬರಿಯನ್ನು ನಾವು ಬ್ರಾಹ್ಮಣ್ಯದ ಬಿಕ್ಕಟ್ಟು, ಅಸ್ತಿತ್ವವಾದ, ಆಧುನಿಕತೆ ಎಂದೆಲ್ಲ ಓದಿದ್ದೇವೆ. ಆ ಓದುಗಳ ಬಗ್ಗೆ ನನಗೆ ಜಗಳವಿಲ್ಲ. ಆದರೆ ಅದರ ಆರಂಭವನ್ನು ಒಮ್ಮೆ ಬಾಗಿಲಿನ ಕಡೆಯಿಂದ ನೋಡಿ. ದೂರ್ವಾಸಪುರದ ಪ್ರಾಣೇಶಾಚಾರ್ಯರು ಕಾಯಿಲೆಯ ಹೆಂಡತಿಯ ಶುಶ್ರೂಷೆ ಮುಗಿಸಿ ಇನ್ನೇನು ಊಟಕ್ಕೆ ಕೂರಬೇಕು. ಅಷ್ಟರಲ್ಲಿ ಚಂದ್ರಿ ಬಂದು ಅಂಗಳದಲ್ಲಿ ನಿಲ್ಲುತ್ತಾಳೆ. ಅವಳನ್ನು ಮಾತಾಡಿಸಿದರೆ ಮೈಲಿಗೆ, ಮತ್ತೆ ಸ್ನಾನ ಮಾಡಬೇಕು. ಮಾತಾಡಿಸದಿದ್ದರೆ, ಅಂಗಳದಲ್ಲಿ ಹೆಂಗಸೊಬ್ಬಳನ್ನು ನಿಲ್ಲಿಸಿ ತುತ್ತು ಇಳಿಯುವುದು ಹೇಗೆ? ಕರೆಯನ್ನು ಎತ್ತಬೇಕೋ ಬೇಡವೋ ಎಂಬ ಪ್ರಶ್ನೆಯಿಂದಲೇ ಕಾದಂಬರಿ ಹೊರಡುತ್ತದೆ. ಆಚಾರ್ಯರು ಎತ್ತುತ್ತಾರೆ. ಆಮೇಲಿನ ಕಥೆಯೆಲ್ಲ ಆ ಒಂದು ಕರೆಯನ್ನು ಮುಂದೆ ಮುಂದೆ ದಾಟಿಸುವ ಕಥೆ.

ಸುದ್ದಿ ನಾರಣಪ್ಪನ ಸಾವು. ಹೆಣ ಬಿದ್ದಿರುವಾಗ ಯಾರೂ ಉಣ್ಣುವಂತಿಲ್ಲ. ಹೆಣವನ್ನು ಯಾರು ಸುಡಬೇಕು? ದಾಯಾದಿಗಳು ಒಬ್ಬರ ಮುಖ ಒಬ್ಬರು ನೋಡಿ ಆಚಾರ್ಯರ ಕಡೆ ದಾಟಿಸುತ್ತಾರೆ. ಚಂದ್ರಿ ಖರ್ಚಿಗೆಂದು ಒಡವೆ ಬಿಚ್ಚಿಟ್ಟ ಮೇಲಂತೂ ದಾಟಿಸುವುದು ಇನ್ನಷ್ಟು ಜಟಿಲವಾಗುತ್ತದೆ. ಈಗ ಎತ್ತಲು ಬಯಸುವವರು ಇದ್ದಾರೆ, ಆದರೆ ತಾನೇ ಎತ್ತಿದೆ ಎನ್ನಿಸಿಕೊಳ್ಳಲು ಯಾರಿಗೂ ಧೈರ್ಯವಿಲ್ಲ. ಪಾರಿಜಾತಪುರದ ಸ್ಮಾರ್ತರನ್ನು ಕೇಳುತ್ತಾರೆ. ಆಚಾರ್ಯರು ತಾಳೆಗರಿಗಳನ್ನು ಕೇಳುತ್ತಾರೆ, ಅಲ್ಲಿ ಉತ್ತರವಿಲ್ಲ. ಕಾಡಿನ ಮಾರುತಿಯ ಎದುರು ಕೂತು, ಎಡಕ್ಕೋ ಬಲಕ್ಕೋ ಹೂವು ಬೀಳಲೆಂದು ದಿನವೆಲ್ಲ ಕಾಯುತ್ತಾರೆ. ದೇವರೂ ಎತ್ತುವುದಿಲ್ಲ. ಅಗ್ರಹಾರದವರು ಹಸಿದುಕೊಂಡೇ ಕೈಮರಕ್ಕೆ, ಅಲ್ಲಿಂದ ಮಠಕ್ಕೆ ಹೊರಡುತ್ತಾರೆ. ಪ್ರತಿ ಹಂತದಲ್ಲೂ ದಾಟಿಸುವ ನಿಯಮವಿದೆ. ಎಲ್ಲೂ ಎತ್ತದಿದ್ದರೆ ಕೊನೆಗೆ ಯಾರು ಎಂಬ ನಿಯಮ ಮಾತ್ರ ಇಲ್ಲ.

ಇಷ್ಟೆಲ್ಲ ನಡೆಯುವಾಗ ಕರೆ ಮಾಡಿದವಳು ಏನು ಮಾಡಿದಳು? ಕಾದಳು, ಆಮೇಲೆ ಕಾಯುವುದನ್ನು ಬಿಟ್ಟಳು. ಗಾಡಿಯ ಶೇಷಪ್ಪನ ಹತ್ತಿರ ಹೋದಳು, ಅವನು ಹೆದರಿ ಒಲ್ಲೆನೆಂದ. ಹಿಂದೊಮ್ಮೆ ನಾರಣಪ್ಪನಿಂದ ಉಪಕಾರ ಪಡೆದಿದ್ದ ಅಹಮದ್ ಬ್ಯಾರಿಯ ಹತ್ತಿರ ಹೋದಳು. ಅವನು ರಾತ್ರಿಯೇ ಗಾಡಿ ಕಟ್ಟಿದ, ಹೆಣ ಸುಟ್ಟಿತು. ಅಗ್ರಹಾರದವರಿಗೆ ಇದು ಗೊತ್ತೇ ಇಲ್ಲ! ಆಗಲೇ ಮುಗಿದುಹೋದ ಕರೆಯನ್ನು ಹೊತ್ತುಕೊಂಡು ಅವರು ಊರೂರು ಅಲೆಯುತ್ತಾರೆ. ಆಚಾರ್ಯರ ಒಳತೋಟಿಯ ಬಗ್ಗೆ ನಮ್ಮ ವಿಮರ್ಶೆ ಪುಟಗಟ್ಟಲೆ ಬರೆದಿದೆ. ಚಂದ್ರಿಯ ಈ ರಾತ್ರಿಗೆ ಸಿಗುವುದು ಹೆಚ್ಚೆಂದರೆ ಒಂದು ಪ್ಯಾರಾ, ಅದೂ ‘ಜೀವಪರತೆಯ ಸಂಕೇತ’ ಎಂಬ ಪಟ್ಟದೊಂದಿಗೆ. ನನಗೆ ಆಕೆ ಯಾವುದರ ಸಂಕೇತವೂ ಅಲ್ಲ. ಮುಂಬಾಗಿಲು ತೆರೆಯದೆಂದು ಅರ್ಥವಾದ ಕೂಡಲೆ ಬೇರೆ ದಾರಿ ಹಿಡಿದ, ಕೆಲಸ ಗೊತ್ತಿದ್ದ ಹೆಂಗಸು.

ಅನಂತಮೂರ್ತಿಯವರಿಗೆ ಅಂಗಳದ ಗೆರೆ ಕೊನೆಯವರೆಗೂ ಕಾಡಿದಂತಿದೆ. ‘ಭಾರತೀಪುರ’ದಲ್ಲಿ (1973) ಜಗನ್ನಾಥ ಹೊಲೆಯರನ್ನು ಒಳಗೆ ಕರೆಯುವ ಬದಲು ದೇವರ ಮನೆಯ ಸಾಲಿಗ್ರಾಮವನ್ನೇ ಅಂಗಳಕ್ಕೆ ಒಯ್ಯುತ್ತಾನೆ, ಮುಟ್ಟಿ ಎನ್ನುತ್ತಾನೆ. ಅವರು ನಡುಗುತ್ತಾರೆ. ಅವನ ಒತ್ತಾಯ ಕ್ರೌರ್ಯವಾಗುತ್ತದೆ. ಗೆರೆಯನ್ನು ಎಲ್ಲಿ ಅಳಿಸಬೇಕು ಎಂಬುದನ್ನು ಒಳಗಿದ್ದವನೇ ನಿರ್ಧರಿಸಿದಾಗ ಹೊರಗಿದ್ದವರಿಗೆ ಏನಾಗುತ್ತದೆ ಎಂಬುದನ್ನು ಇಷ್ಟು ನಿರ್ದಾಕ್ಷಿಣ್ಯವಾಗಿ ಕನ್ನಡದಲ್ಲಿ ಇನ್ಯಾರೂ ಬರೆದ ನೆನಪು ನನಗಿಲ್ಲ.

ಹಾಗಾದರೆ ಕಳೆದುಹೋದದ್ದು ಏನೂ ಇಲ್ಲವೇ? ಇದೆ, ಅದನ್ನು ನನಗೆ ತೋರಿಸಿದವರು ಹೊಸನಗರ ತಾಲ್ಲೂಕಿನಿಂದ ಬಂದು ಬೆಂಗಳೂರಿನಲ್ಲಿ ಮಗನ ಫ್ಲಾಟಿನಲ್ಲಿರುವ ಒಬ್ಬರು ಅಜ್ಜಿ. ಎಂ.ಕೆ. ಇಂದಿರಾ ಅವರನ್ನು ಮೊದಲಿನಿಂದ ಓದಿದವರೆಂದು ತಿಳಿದು ಮಾತಾಡಿಸಲು ಹೋಗಿದ್ದೆ. ಗೇಟಿನ ಪ್ಯಾನೆಲ್ಲಿನಲ್ಲಿ ನಂಬರ್ ಒತ್ತಿದೆ. ಫ್ಲಾಟು ಮಗನ ಹೆಸರಿನಲ್ಲಿದ್ದುದರಿಂದ ಕರೆ ಅವರ ಮೊಬೈಲಿಗೆ ಹೋಗುತ್ತಿತ್ತು. ಅವರು ಕೆಲಸದ ಮೇಲೆ ಅಮೆರಿಕದಲ್ಲಿದ್ದರು, ಅಲ್ಲಿ ನಡುರಾತ್ರಿ. ಕರೆ ಕ್ಯಾಬಿನ್ನಿಗೆ ಬಂತು. ಮಾಲೀಕರು ಒಪ್ಪದೆ ಬಿಡುವಂತಿಲ್ಲ ಎಂದರು ಸೆಕ್ಯೂರಿಟಿಯವರು. ಅಜ್ಜಿ ಎರಡನೇ ಮಹಡಿಯ ಬಾಲ್ಕನಿಯಲ್ಲಿ ನಿಂತು ಕೈ ಬೀಸುತ್ತಿದ್ದಾರೆ, ನಾನು ಇಲ್ಲಿಂದ ಬೀಸುತ್ತಿದ್ದೇನೆ, ಸೆಕ್ಯೂರಿಟಿಯವರು ಇಬ್ಬರನ್ನೂ ನೋಡುತ್ತಿದ್ದಾರೆ. ಕೊನೆಗೆ ಅವರೇ ಮಂಡಿನೋವಿನಲ್ಲಿ ಲಿಫ್ಟು ಇಳಿದು ಬಂದು ನನ್ನ ಕೈ ಹಿಡಿದು ಕರೆದುಕೊಂಡು ಹೋದರು. ಲಿಫ್ಟಿನಲ್ಲಿ ಹೇಳಿದರು: “ನಮ್ಮೂರ್ ಮನೆ ಆಗಿದ್ರೆ ಹಿತ್ಲ್ ಕಡೆಯಿಂದ ಬಾ ಅಂತಿದ್ದೆ ಮಗಾ. ಇಷ್ಟೊತ್ತಿಗೆ ಮಜ್ಜಿಗೆ ಕುಡ್ದಾಗಿರ್ತಿತ್ತು.”

ಜಗಲಿ ಎನ್ನಲಿಲ್ಲ, ಹಿತ್ತಲು ಎಂದರು. ಜಗಲಿ ಯಜಮಾನರದ್ದು. ಅಲ್ಲಿಗೆ ಬಂದ ಪ್ರತಿಯೊಂದು ಕರೆಯೂ ಗಂಡಸಿನ ಕಿವಿ ದಾಟಿ ಒಳಗೆ ಹೋಗಬೇಕು. ಹಿತ್ತಲ ಬಾಗಿಲಿನ ಕಥೆ ಬೇರೆ. ಹೆಪ್ಪಿಗೆ ಮಜ್ಜಿಗೆ ಕೇಳಲು ಬರುವವರು, ಬಳೆಗಾರ, ತಪ್ಪಿಸಿಕೊಂಡ ಕರು ಹುಡುಕುತ್ತ ಬಂದವರು, ಗಂಡನ ಹೊಡೆತದ ಸುದ್ದಿ ಹೇಳಿ ಹಗುರಾಗಲು ಬಂದ ಕೆಲಸದ ಹೆಂಗಸು, ಎಲ್ಲರೂ ಅಲ್ಲಿಂದಲೇ. ಅಲ್ಲಿ ಸಮಾನತೆ ಇತ್ತೆಂದು ನಾನು ಹೇಳುತ್ತಿಲ್ಲ. ಮೇಲಿನಿಂದ ನೀರು ಹೊಯ್ದದ್ದೂ, ಉಳಿದ ಅನ್ನವನ್ನು ದೂರದಿಂದ ಹಾಕಿದ್ದೂ ಅದೇ ಬಾಗಿಲಲ್ಲಿ. ಆದರೆ ಮನೆಯ ಹೆಂಗಸರು ಯಾರನ್ನೂ ಕೇಳದೆ ತೆರೆಯಬಹುದಾಗಿದ್ದ ಬಾಗಿಲು ಅದೊಂದೇ. ತೀರ್ಥಹಳ್ಳಿಯ ಇಂದಿರಾ ಅವರು ‘ಫಣಿಯಮ್ಮ’ದಲ್ಲಿ (1976) ಬರೆದ ಹೆರಿಗೆಯ ಪ್ರಸಂಗ ನೆನಪಿಸಿಕೊಳ್ಳಿ: ಮಡಿಯಲ್ಲಿ ಬೆಳೆದ ವಿಧವೆ, ಅಸ್ಪೃಶ್ಯಳೆನಿಸಿಕೊಂಡ ಹೆಣ್ಣಿನ ಕಷ್ಟದ ಹೆರಿಗೆಗೆ ನೆರವಾಗುತ್ತಾಳೆ. ಅಂಥ ಕರೆ ಜಗಲಿಯ ದಾರಿ ಹಿಡಿದಿದ್ದರೆ ಮೊದಲನೆಯ ಕಂಬದಲ್ಲೇ ನಿಂತುಬಿಡುತ್ತಿತ್ತು.

ಜಗಲಿಯ ಕೆಲಸವನ್ನು ಗೇಟಿನ ಪ್ಯಾನೆಲ್ ಚೆನ್ನಾಗಿಯೇ ಮುಂದುವರಿಸಿದೆ. ಯಜಮಾನರ ಮೊಬೈಲು, ಬಂದವರ ಬಗೆ, ಎಲ್ಲಿಯ ತನಕ ಬಿಡಬೇಕೆಂಬ ಲೆಕ್ಕ, ಎಲ್ಲ ಅಲ್ಲೇ ಇವೆ. ಫರಕು ಇಲ್ಲವೆಂದಲ್ಲ. ಬೆಳಿಗ್ಗೆ ಪಾರ್ಸೆಲ್ ತಂದ ಹುಡುಗ ಸಂಜೆ ಅದೇ ಗೇಟಿಗೆ ಗೆಳೆಯನಾಗಿ ಬರಬಹುದು. ಹುಟ್ಟಿನ ಬಗೆಗೆ ಆ ಸೌಕರ್ಯ ಇರಲಿಲ್ಲ. ಇಂಟರ್‌ಕಾಂ ಪಟ್ಟಿಗೆ ಅಜ್ಜಿಯ ನಂಬರನ್ನೂ ಸೇರಿಸುವುದು ಐದು ನಿಮಿಷದ ಕೆಲಸ. ಆ ಐದು ನಿಮಿಷ ಯಾರಿಗೂ ಹೊಳೆಯದಿರುವುದೇ ನನಗೆ ಕುತೂಹಲ, ಯಾಕೆಂದರೆ ಹಿತ್ತಲು ಎಂದೂ ಯಾರ ನಕ್ಷೆಯಲ್ಲೂ ಇರಲಿಲ್ಲ. ಅದು ಬಳಕೆಯಿಂದ ಆದ ದಾರಿ.

ಇನ್ನೊಂದು ಮಾತು. ‘ಮಲೆಗಳಲ್ಲಿ ಮದುಮಗಳು’ (1967) ಯಾವ ಹೆಗ್ಗಡೆಯ ಉಪ್ಪರಿಗೆಯಿಂದಲೂ ಶುರುವಾಗುವುದಿಲ್ಲ. ಸಿಂಬಾವಿಯ ಗುತ್ತಿ, ತನ್ನ ನಾಯಿ ಹುಲಿಯನೊಂದಿಗೆ ಕಾಡುದಾರಿಯಲ್ಲಿ ಬರುತ್ತಾನೆ. ಮನೆಯಿಂದ ಮನೆಗೆ ಹೋಗುವ ಇವನು ಯಾವ ದೊಡ್ಡ ಮನೆಯ ಒಳಗೂ ಕಾಲಿಡುವಂತಿಲ್ಲ. ಆದ್ದರಿಂದಲೇ ನಮಗೂ ಆ ಮನೆಗಳು ಮೊದಲು ಕಾಣುವುದು ಅಂಗಳದಿಂದ. ಈಗ ಕುಪ್ಪಳಿಯ ಕವಿಮನೆಯಲ್ಲಿ ಟಿಕೆಟ್ ಕೊಂಡವರೆಲ್ಲ ಅಡುಗೆಮನೆಯವರೆಗೂ ಹೋಗಿಬರುತ್ತಾರೆ. ಗುತ್ತಿ ನೋಡಿದ್ದರೆ ಏನೆನ್ನುತ್ತಿದ್ದನೋ. ಅಪಾರ್ಟ್‌ಮೆಂಟಿನ ಬದುಕಿನ ಮೇಲೆ ಈಚೆಗೆ ಬಂದ ಕನ್ನಡ ಕಥೆಗಳಲ್ಲಿ, ನಾನು ಓದಿದ ಮಟ್ಟಿಗೆ, ಲಿಫ್ಟು, ಬಾಲ್ಕನಿ, ಪಕ್ಕದ ಫ್ಲಾಟಿನ ಒಂಟಿತನ ಎಲ್ಲ ಧಾರಾಳವಾಗಿವೆ. ಗೇಟು ಒಂದೇ ಸಾಲಿನಲ್ಲಿ ದಾಟಿಹೋಗುತ್ತದೆ. ಅಸ್ಸಾಮಿನಿಂದಲೋ ಒಡಿಶಾದಿಂದಲೋ ಬಂದು, ಹನ್ನೆರಡು ತಾಸು ಆ ಕ್ಯಾಬಿನ್ನಿನಲ್ಲಿ ಕೂತು, ಉಳಿದ ಕಡೆ ಸತ್ತ ಕರೆಗಳೆಲ್ಲ ಕೊನೆಗೆ ಬಂದು ಬೀಳುವ ಆ ಮನುಷ್ಯ ಕಥೆಯಲ್ಲಿ ಸೆಲ್ಯೂಟ್ ಹೊಡೆದು ಮರೆಯಾಗುತ್ತಾನೆ. ಅವನಿಗೆ ಪ್ರತಿ ಮನೆಯ ಸಂಗತಿ ಗೊತ್ತು, ಒಂದು ಮನೆಯ ಒಳಗೂ ಹೋಗಿಲ್ಲ. ಕುವೆಂಪು ಅವನಿಂದ ಕಾದಂಬರಿ ಶುರುಮಾಡುತ್ತಿದ್ದರು.

ಈಗ ಈ ಪ್ಯಾನೆಲ್ಲು ತಿರುಗಿ ಊರಿಗೂ ಬಂದಿದೆ. ಅಡಿಕೆ ಕಳ್ಳತನದ ಭಯ, ಮನೆಯಲ್ಲಿ ಇಬ್ಬರೇ ಮುದುಕರು, ಮಕ್ಕಳು ಹೊರಗೆ. ಸಾಗರದ ಆಚೆ ನಮ್ಮ ನೆಂಟರೊಬ್ಬರ ತೋಟದ ಮನೆಯ ಜಗಲಿ ಕಂಬಕ್ಕೆ ಮಗ ಕ್ಯಾಮೆರಾ ಇರುವ ಕರೆಗಂಟೆ ಹಾಕಿಸಿದ್ದಾನೆ. ಒತ್ತಿದರೆ ಅವನ ಫೋನು ಬೆಂಗಳೂರಿನಲ್ಲಿ ಹೊಡೆದುಕೊಳ್ಳುತ್ತದೆ. “ಅಪ್ಪ ತೋಟದಲ್ಲಿದಾರೆ, ಕೂತಿರಿ” ಎಂದು ಅಲ್ಲಿಂದಲೇ ಹೇಳುತ್ತಾನೆ. ಮಳೆಗಾಲದಲ್ಲಿ ಕರೆಂಟು ಹೋದರೆ ಅದೂ ಇಲ್ಲ. ಪಕ್ಕದ ಮನೆಯವರು ಕೊಟ್ಟಿಗೆ ಸುತ್ತಿ, ಬಾವಿಕಟ್ಟೆ ದಾಟಿ ಬರುತ್ತಾರೆ.